ಅರ್ಧ ಬಾಗಿಲು

ಕೀಲಿ ತಿರುಗಿಸಿದರೆ ಮೊದಲು ಕೆಮ್ಮುತ್ತದೆ,
ಆಮೇಲೆ ನನ್ನ ಹಾಗೆಯೇ
ಬೇರೆ ದಾರಿಯಿಲ್ಲವೆಂದು ಏಳುತ್ತದೆ.
ನೀರುಮಾರ್ಗದಲ್ಲಿ ಆಗ ಐದೂ ಕಾಲು.
ಮೊದಲ ಬಸ್ಸಿಗೆ ಇನ್ನೂ ಒಂದು ತಾಸು ಉಂಟು.
ಕಂಕನಾಡಿಯ ವಾರ್ಡಿನಲ್ಲಿ
ಖಾಲಿ ಹೊಟ್ಟೆಯ ರಕ್ತ
ನನಗಾಗಿ ಕಾದಿರುತ್ತದೆ.

ಅರುವತ್ತೆಂಟು ಸಾವಿರ ಹೇಳಿದ ಇದಿನಬ್ಬ.
ಸೊಸೈಟಿಯ ಸಾಲ ನಲವತ್ತು, ಉಳಿದದ್ದು ಎರಡು ಬಳೆ.
ಹಡಗಿನಲ್ಲಿ ಎಂಜಿನಿಯರಾಗಿದ್ದ ಹೆಜಮಾಡಿಯವರೊಬ್ಬರು
ಜಪಾನಿನಿಂದ ತಂದು ಇಳಿಸಿದ್ದಂತೆ.
ಆಮೇಲೆ ಒಬ್ಬ ಡಾಕ್ಟರು, ಒಬ್ಬ ಬೀಡಿ ಕಂಟ್ರಾಕ್ಟರು,
ಬಜ್ಪೆಯ ಒಂದು ಡ್ರೈವಿಂಗ್ ಸ್ಕೂಲು.
ಐದನೆಯವಳು ನಾನು.
"ಫಾರಿನ್ ಮಾಲು ಸೆವ್ರಿನಾ ಬಾಯಿ, ತಗಡೇ ಬೇರೆ"
ಎಂದು ಬಾನೆಟ್ಟಿಗೆ ಗುದ್ದಿ ತೋರಿಸಿದ.
ಗುದ್ದಿದಲ್ಲಿ ತಗ್ಗು ಬಿತ್ತು.
ಅದಕ್ಕೆಂದು ಐನೂರು ಬಿಟ್ಟ.

ಏಸಿ ಇಲ್ಲ. ಗಾಜು ಇಳಿಸಲು ಹಿಡಿಕೆ ತಿರುಗಿಸಬೇಕು,
ಬಾವಿಯ ಹಗ್ಗ ಎಳೆದ ತೋಳಿಗೆ ಅದೆಂತ ಕಷ್ಟ?
ರೇಡಿಯೋ ಇದ್ದಲ್ಲಿ ಈಗ ಚೌಕದ ಒಂದು ತೂತು,
ಅದರೊಳಗೆ ಚಿಲ್ಲರೆ, ಜಪಮಾಲೆ, ಇನ್ಹೇಲರು.
ಎಂಟುನೂರರ ಪೆಟ್ರೋಲು ಕುಡಿಸಿದರೆ
ಶನಿವಾರದವರೆಗೆ ಬಾಯಿ ತೆರೆಯುವುದಿಲ್ಲ.

ತಮ್ಮ ಗ್ರೆಗರಿಯ ಹೊಸ ಕಾರು ಬೆಲ್ಟಿಗೆ ಗದರುತ್ತದೆ,
ಗೆರೆ ದಾಟಿದರೆ ಗದರುತ್ತದೆ,
ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿಕೊಂಡ ಹಾಗೆ.
ಅದಕ್ಕೊಂದು ಗೀರು ಬಿದ್ದ ದಿನ ಅವನು ಊಟ ಬಿಟ್ಟ.
ನನ್ನದರಲ್ಲಿ ಹೊಸ ಗೀರು ಬೀಳಲಿಕ್ಕೆ
ಜಾಗವೇ ಇಲ್ಲ.

ನನ್ನ ಬದಿಯ ಬಾಗಿಲಿನಲ್ಲಿ, ಹಿಡಿಯ ಕೆಳಗೆ,
ಹಳದಿಗಟ್ಟಿದ ಒಂದು ಚೀಟಿ.
ಐದೇ ಅಕ್ಷರ.
ಒಂದು ಕಿಟಕಿಯ ಹಾಗೆ, ಒಂದು ಮುರಿದ ಕುರ್ಚಿಯ ಹಾಗೆ.
ಹಿಂದಿನ ನಾಲ್ವರಲ್ಲಿ ಯಾರೂ ಕೆರೆದು ತೆಗೆದಿರಲಿಲ್ಲ.
ನಂತೂರು ಸರ್ಕಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಾಗ
ಅದನ್ನೇ ನೋಡುತ್ತಿದ್ದೆ.
ಒಂದು ದಿನ ಅದು ಪ್ರಾರ್ಥನೆ ಅನಿಸುತ್ತಿತ್ತು,
ಒಂದು ದಿನ ಯಾರದೋ ಮಗಳ ಹೆಸರು,
ಸಂಬಳ ತಡವಾದ ತಿಂಗಳು, ಬೆಲೆ.

ಕಳೆದ ಆಟಿಯಲ್ಲಿ ಪಣಂಬೂರಿಗೆ ಬಂದ ಹಡಗಿನಿಂದ
ಜ್ವರದ ಮುದುಕನೊಬ್ಬನನ್ನು ತಂದರು.
ಫಾರಮ್ಮಿನಲ್ಲಿ ಇಸೋಬೆ ಎಂದಿತ್ತು.
ನರ ಬೇಗ ಸಿಗಲಿಲ್ಲ, ಎರಡು ಸಲ ಚುಚ್ಚಿದೆ,
ಅವನೇ ನನಗೆ ಸಾರಿ ಎಂದ.
ಹತ್ತಿ ಒತ್ತಿ ಕೂತವನ ಎದುರು
ಫೋನಿನಲ್ಲಿದ್ದ ಚೀಟಿಯ ಫೋಟೋ ಹಿಡಿದೆ.
ಕನ್ನಡಕ ಹಣೆಗೇರಿಸಿ ಓದಿದ. ನಕ್ಕ.
ಅವನಿಗೆ ಬರುವ ಇಂಗ್ಲಿಷು ಹಡಗಿನದ್ದು, ನನ್ನದು ರಕ್ತದ್ದು.
ಕೊನೆಗೆ ಎದ್ದು ಹೋಗಿ ಲ್ಯಾಬಿನ ಬಾಗಿಲನ್ನು
ಮುಚ್ಚಿಯೂ ಮುಚ್ಚದ ಹಾಗೆ ನಿಲ್ಲಿಸಿ
ಬೆರಳೆತ್ತಿ ಅಲ್ಲಾಡಿಸಿದ.
ಅರ್ಧ ಬಾಗಿಲು. ಜಾಗ್ರತೆ.

ಅಷ್ಟೇ.

ಮಾರಾಯ್ರೆ, ಅದೇ ಬಾಗಿಲು!
ಮೂರು ವರ್ಷದಿಂದ ಸರಿ ಕೂರದ್ದು,
ಬಿಕರ್ನಕಟ್ಟೆಯ ತಿರುವಿನಲ್ಲಿ ಎರಡು ಸಲ
ತಾನಾಗಿ ತೆರೆದುಕೊಂಡದ್ದು,
ನೈಲಾನಿನ ಹಗ್ಗ ಕಟ್ಟಿ ನಾನು ಓಡಿಸಿದ್ದು.

ಇದಿನಬ್ಬ ಎಂತದೋ ಒಂದು ತುಂಡು ಕೂರಿಸಿ
ನೂರಿಪ್ಪತ್ತು ತಗೊಂಡ.
"ಚೀಟಿ ತೆಗೀಲಾ ಬಾಯಿ, ಗಲೀಜು ಕಾಣ್ತದೆ."
ಬೇಡ ಎಂದೆ.

ಈಗ ಇಳಿದ ಮೇಲೆ, ಕೈಯಲ್ಲಿ ಟಿಫಿನ್ನು ಕೊಡೆ ಇದ್ದರೂ,
ತಿರುಗಿ ಸೊಂಟದಿಂದ ಒಮ್ಮೆ ದೂಡುತ್ತೇನೆ.
ಠಪ್.
ಬಿಸ್ಕಿಟ್ ಡಬ್ಬಿಯ ಸದ್ದು.
ಒಳಗೆ ಹೋಗಿ ಕೈ ತೊಳೆದು ಪಟ್ಟಿ ನೋಡುತ್ತೇನೆ:
ಇವತ್ತು ಹನ್ನೊಂದು ಮಂದಿ,
ಎಲ್ಲರೂ ರಾತ್ರಿಯಿಂದ ಏನೂ ತಿಂದಿಲ್ಲ.